ಪಾವ್ಲಾಳ ಬಟ್ಟೆ ಚಪ್ಪಲಿ

ಬಿರ್ಗು, ಮಾಲ್ಟಾ
ನವೆಂಬರ್ ೧೪

ಪ್ರೀತಿಯ ತಂಗಿ ಚೆಟ್ಟಾ,

ಮೆಲ್ಬರ್ನಿನಲ್ಲಿ ನೀನೂ ಮಕ್ಕಳೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಕೈಗೇನೂ ಆಗಿಲ್ಲ. ಬರೆಯಲು ಕೂತರೆ ಪೆನ್ನೂ ನನ್ನ ಹಾಗೇ ಒಣಗಿರುತ್ತಿತ್ತು.

"ಅಣ್ಣಾ, ಅತ್ತಿಗೆ ಹೋದ್ಮೇಲೆ ಒಂದ್ಸಲನಾದ್ರೂ ಅತ್ತುಬಿಟ್ಯಾ? ಒಳಗೇ ಇಟ್ಕೊಂಡ್ರೆ ಎದೆ ಒಡೆದುಹೋಗತ್ತೆ" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಇಲ್ಲ ಕಣೇ. ಮಣ್ಣು ಮಾಡಿದ ದಿನ ಬಂದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು, ಚೆನ್ಸು ಈಗೇನೋ ತಮಾಷೆ ಬಿಡುತ್ತಾನೆ ಅಂತ. ತಮಾಷೆಯೂ ಬರಲಿಲ್ಲ, ಅಳುವೂ ಬರಲಿಲ್ಲ. ಮೂವತ್ತನೆಯ ದಿನದ ಪೂಜೆಯಲ್ಲಿ ಬ್ಯಾಂಡ್ ಕ್ಲಬ್ಬಿನ ಮುದುಕರೂ ಮೂಗು ಸೀಟಿದರು. ನಾನು ಮೇಣದಬತ್ತಿ ಸೊಟ್ಟಗಿದೆಯಲ್ಲ ಅಂತ ನೋಡುತ್ತಿದ್ದೆ.

ಅದಕ್ಕೇ ನಿನ್ನೆ, ನಮ್ಮ ಮದುವೆಯಾದ ತಾರೀಖು ಅಂತ, ದೋಣಿ ಹತ್ತಿ ವ್ಯಾಲೆಟಾಕ್ಕೆ ಹೋದೆ. ಹಿಂದೆ ಮಾಲ್ಟಾ ಆಳಿದ ಆ ಕತ್ತಿ ಹಿಡಿದ ಸನ್ಯಾಸಿಗಳ ಚರ್ಚಿಗೆ ಪ್ರತಿವರ್ಷ ನಾನೂ ಪಾವ್ಲಾಳೂ ಹೋಗುತ್ತಿದ್ದೆವಲ್ಲ, ಅಲ್ಲಾದರೂ ಅಳು ಬಂದೀತು ಎಂಬ ಆಸೆ.

ನೆಲವೆಲ್ಲ ಅವರ ಸಮಾಧಿಯೇ. ಚೂಪು ಹಿಮ್ಮಡಿಯ ಬೂಟು ಅಮೃತಶಿಲೆಯನ್ನು ಗೀರುತ್ತದೆಂದು ಬಾಗಿಲಲ್ಲೇ ಹೆಂಗಸರಿಗೆ ಬಟ್ಟೆ ಚಪ್ಪಲಿ ಕೊಡುತ್ತಾರೆ. ಪಾವ್ಲಾ ಬೇಕೆಂದೇ ಅಂಥ ಬೂಟು ಹಾಕಿ ಬರುತ್ತಿದ್ದಳು, ಕಾವಲಿನ ನರ್ದು ಜೊತೆ ವಾದ ಮಾಡುವ ಖುಷಿಗೆ. ಒಳಗೆ ಬಂದರೆ ಒಂದೊಂದು ಸಮಾಧಿಗೂ "ಸ್ವಲ್ಪ ಸರೀರಿ ಸ್ವಾಮಿ, ಈ ವರ್ಷ ಇನ್ನೂ ದಪ್ಪ ಆಗಿದೀನಿ" ಅನ್ನುವಳು. "ನಿನ್ನ ಕಾಲು ತಾಗಿದ್ರೆ ಕಾಲನೂ ಎದ್ದು ಓಡ್ತಾನೆ" ಅಂತ ನಾನು.

ನಿನ್ನೆ ಯಾರನ್ನೂ ಸರಿಯಲು ಹೇಳಲಿಲ್ಲ. ಸಮಾಧಿ ಕಲ್ಲಿನಲ್ಲಿ ಕೆತ್ತಿದ ಅಸ್ಥಿಪಂಜರಗಳು ಹಲ್ಲು ಕಿರಿದವು, ದಾಟಿಕೊಂಡು ಚರ್ಚಿನದೇ ಮ್ಯೂಸಿಯಮ್ಮಿಗೆ ಹೋದೆ. ಹಳೆಯ ಕಸೂತಿ ನಿಲುವಂಗಿಯ ಮುಂದೆ "ನನ್ನ ತೇಪೆ ಇದಕ್ಕಿಂತ ವಾಸಿ" ಅಂತ ಅವಳು ಮೂಗು ಮುರಿಯುತ್ತಿದ್ದ ಜಾಗದಲ್ಲೇ ನಿಂತೆ. ಚಿನ್ನದ ದಾರ, ಗಾಜು, ಗಾಜಿನಲ್ಲಿ ನನ್ನ ಟೋಪಿ. ಅಷ್ಟೇ. ಮನೆಗೆ ಬರುವಾಗ ಚೀಸ್ ತುಂಬಿದ ಪಾಸ್ತಿಟ್ಸಿ ಪಫ್ ತಿಂದೆ. ಬಿಸಿ ಅಂತ ಗೊತ್ತೇ ಆಗಲಿಲ್ಲ. ಇವತ್ತು ನೋಡಿದರೆ ನಾಲಗೆ ಸುಟ್ಟಿದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ಮೊಮ್ಮಕ್ಕಳಿಗೆ ನನ್ನಷ್ಟೇ ಕಿಲಾಡಿ ಬುದ್ಧಿ ಕೊಡಲಿ. ಅವರಮ್ಮನಿಗೆ ತಾಳ್ಮೆಯನ್ನೂ ಕೊಡಲಿ.

ನಿನ್ನ ಅಣ್ಣ,
ಚೆನ್ಸು

ಇನ್ನೊಂದು ಮಾತು: ಬಾಗಿಲಲ್ಲಿ ನನ್ನನ್ನು ಕಂಡದ್ದೇ ನರ್ದು ಅವಳ ಅಳತೆಯ ಚಪ್ಪಲಿ ತೆಗೆದಿಟ್ಟ. "ಅಕ್ಕ ಎಲ್ಲಿ ಮಾಮಾ?" ಅಂದ. ಪಾಪ, ಅವನಿಗೆ ಸುದ್ದಿಯೇ ಗೊತ್ತಿಲ್ಲ. "ಹಿಂದೆ ಬರ್ತಿದಾಳೆ, ಅಂಗಡಿ ಗಾಜಲ್ಲಿ ಮುಖ ನೋಡ್ಕೊಂಡು" ಅಂದುಬಿಟ್ಟೆ. ಬಾಯಿ ಅಭ್ಯಾಸ. ನಾನು ಎಲ್ಲ ನೋಡಿ ಹೊರಬಂದಾಗ ಉಳಿದವರೆಲ್ಲ ಹೋಗಿದ್ದರು. ನರ್ದು ಆ ಚಪ್ಪಲಿ ಹಿಡಿದುಕೊಂಡು ಕೂತಿದ್ದ, ಬಾಗಿಲು ಹಾಕದೆ. "ಬರ್ಲಿ ಬಿಡಿ ಮಾಮಾ, ಅಕ್ಕ ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದಾರೆ?" ಅಂದ. ನಿಜ ಹೇಳೋಣವೆಂದು ಅವನ ಪಕ್ಕ ಬೆಂಚಿನ ಮೇಲೆ ಕೂತೆ. ಕೂತವನು ಬೀದಿಯನ್ನೇ ನೋಡುತ್ತಾ ಅವನ ಜೊತೆ ನಾನೂ ಕಾದೆ. ಅವಳು ಬರಲಿಲ್ಲ, ಚೆಟ್ಟಾ.