ಮೂರನೇ ಮಹಡಿಯಲ್ಲಿ ನೆಲ ಅಗೆಯುವುದನ್ನು ಕಲಿಸಿದವರಿಗೆ

ಅದೂ ಸಾಲದು ಎನ್ನುವಂತೆ, ಮಾನ್ಯರೇ, ಇವತ್ತು ಮಧ್ಯಾಹ್ನ ನಿಮ್ಮ ಕಚೇರಿಯವರು ಬಂದು ಆ ಯಂತ್ರವನ್ನು ನನ್ನ ಕೈಗೇ ಕೊಟ್ಟು ಹೋದರು. ಬೆಳಗಿನಿಂದ ಒಂದಾದ ಮೇಲೊಂದು. ಮೊದಲು ಆಸ್ಪತ್ರೆಯಲ್ಲಿ ಭಾವನ ಎರಡೂ ಕೈಗಳ ಪಟ್ಟಿ ಬಿಚ್ಚಿ ಹೊಸದು ಕಟ್ಟಿದರು; ನನ್ನನ್ನು ಹೊರಗೆ ನಿಲ್ಲಿಸಿದ್ದರೂ ಅವರ ನರಳಾಟ ಬಾಗಿಲು ದಾಟಿ ಬಂತು. ಆಮೇಲೆ ನಿಮ್ಮ ವರದಿ ಬಂತು: ‘ತರಬೇತಿ ಪಡೆದ ಕಾರ್ಮಿಕನ ಅಜಾಗರೂಕತೆಯೇ ಅವಘಡಕ್ಕೆ ಕಾರಣ.’ ಅದನ್ನು ಊರಿನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಬೇಕಾದವನೂ ನಾನೇ. ಕೊನೆಗೆ ಈ ಯಂತ್ರ. ಕೈ ಸುಟ್ಟುಕೊಂಡವರು ಬಿಟ್ಟುಹೋದದ್ದನ್ನು ಎತ್ತಿ, ಧೂಳು ಒರೆಸಿ, ಮುಂದಿನ ಕೈಗೆ ದಾಟಿಸಿದ್ದೀರಿ. ಸೋಮವಾರ ಪಕ್ಕದ ಬೀದಿಯಲ್ಲಿ ಅಗೆತವಂತೆ. ನೆಲದಡಿ ಕರೆಂಟು ಎಲ್ಲಿದೆ, ನೀರು ಎಲ್ಲಿದೆ, ಗ್ಯಾಸಿನ ಪೈಪು ಎಲ್ಲಿದೆ ಎಂದು ನಾನು ಹುಡುಕಿ ಹೇಳಬೇಕಂತೆ. ನನಗೂ ತರಬೇತಿ ಆಗಿದೆಯಲ್ಲ.

ರಸ್ತೆ ಅಗೆತದ ಸುರಕ್ಷತೆಗೆ ನೀವು ಮುಖ್ಯಾಧಿಕಾರಿಗಳು. ಆ ತರಬೇತಿ ಹೇಗಿತ್ತು ಎಂದು ನಿಮಗೆ ಗೊತ್ತಿರಲೇಬೇಕು. ಗೊತ್ತಿಲ್ಲದೆ ಅದಕ್ಕೆ ಸಹಿ ಹಾಕುವಷ್ಟು ಅಜಾಗರೂಕರು ನೀವಲ್ಲ. ಆದರೂ ಈ ಪತ್ರ ಓದುವ ಬೇರೆಯವರಿಗೋಸ್ಕರ ಹೇಳುತ್ತೇನೆ. ನೆಲ ಅಗೆಯುವ ಮೊದಲು ಅದರೊಳಗೆ ಹೂತಿರುವ ತಂತಿಯನ್ನು ಪತ್ತೆ ಮಾಡುವುದು ಹೇಗೆ ಎಂಬ ವಿದ್ಯೆಯನ್ನು ನಮಗೆ ನಿಮ್ಮ ಕಚೇರಿಯ ಮೂರನೇ ಮಹಡಿಯ ಸಭಾಂಗಣದಲ್ಲಿ ಕಲಿಸಲಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮಗೆ ಆ ನೆಪ ಹೇಳುವುದಕ್ಕೂ ನೆಲ ಇರಲಿಲ್ಲ, ಮಾನ್ಯರೇ. ಕೆಳಗೆ, ಕಟ್ಟಡದ ಹಿಂದೆ, ಒಳ್ಳೆಯ ಮಣ್ಣಿನ ನೆಲ ಇತ್ತು. ಆದರೆ ಅದರ ಮೇಲೆ ಅಧಿಕಾರಿಗಳ ಕಾರುಗಳು ವಿಶ್ರಾಂತಿ ಪಡೆಯುತ್ತಿದ್ದವು. ಅವನ್ನು ಎಬ್ಬಿಸುವುದು ಹೇಗೆ?

ಯಂತ್ರದ ಸ್ವಭಾವ ಸರಳ. ಉದ್ದ ಹಿಡಿಕೆ, ಕೆಳಗೊಂದು ಡಬ್ಬಿ. ಕರೆಂಟು ಹರಿಯುವ ತಂತಿಯ ಮೇಲೆ ಹಿಡಿದರೆ ಕೂಗುತ್ತದೆ. ಅದರ ಕಿವಿ ಎಷ್ಟು ಚುರುಕಾಗಿರಬೇಕು ಅನ್ನುವುದಕ್ಕೆ ಒಂದು ತಿರುಗಿಸುವ ನಾಬು ಇದೆ. ಮೂರನೇ ಮಹಡಿಯಲ್ಲಿ ಅದನ್ನು ಚಾಲೂ ಮಾಡಿದ್ದೇ ತಡ, ಕೂಗಿದ್ದೇ ಕೂಗಿದ್ದು. ಗೋಡೆಯೊಳಗೆ ವೈರು, ನೆಲಹಾಸಿನಡಿ ವೈರು, ಕೆಳಗಿನ ಮಹಡಿಯ ಫ್ಯಾನಿನ ವೈರು. ಅದು ಬೇರೆ ಏನು ಮಾಡೀತು, ಪಾಪ. ಹಾಗಾದರೆ ಇಲ್ಲಿ ಅಗೆಯಬಾರದಾ ಎಂದು ಒಬ್ಬ ಕೇಳಿದ. ಇಲ್ಲಿ ಅಗೆದರೆ ಲೆಕ್ಕಪತ್ರ ವಿಭಾಗದವರ ತಲೆ ಸಿಗುತ್ತದೆ ಎಂದು ಇನ್ನೊಬ್ಬ. ಎಲ್ಲರೂ ನಕ್ಕೆವು, ಕಲಿಸುತ್ತಿದ್ದ ಮೇಷ್ಟರೂ ನಕ್ಕರು. ನಕ್ಕು ಮುಗಿದ ಮೇಲೆ ಅವರು ಹೇಳಿದ ಮಾತು ಇದು:

“ಅದು ಹಾಗೇ ಕೂಗ್ತಿರುತ್ತೆ ಕಣ್ರಪ್ಪಾ. ಕೂಗೋದು ನಿಲ್ಲೋವರೆಗೂ ನಾಬ್ ಹಿಂದಕ್ಕೆ ತಿರುಗಿಸಿ. ನಿಂತ ಮೇಲೆ ಅಗೆಯೋ ಜಾಗಕ್ಕೆ ಗೆರೆ ಎಳೀರಿ.”

ಆ ಕೋಣೆಯ ಮಟ್ಟಿಗೆ ಹೇಳಿದರೋ, ಲೋಕಕ್ಕೆಲ್ಲ ಹೇಳಿದರೋ, ನಾವು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ. ಸಾಲಾಗಿ ನಿಂತು ಒಬ್ಬೊಬ್ಬರೇ ನಾಬು ತಿರುಗಿಸಿದೆವು, ಯಂತ್ರದ ಬಾಯಿ ಮುಚ್ಚಿಸಿದೆವು, ಹೊಳೆಯುವ ಟೈಲ್ಸಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆವು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಇಡೀ ತಂಡದಲ್ಲಿ ಚೊಕ್ಕಟವಾಗಿ ಗೆರೆ ಎಳೆದವರು ಭಾವ.

ನಿಮ್ಮ ವರದಿಯ ಅಜಾಗರೂಕ ಮನುಷ್ಯ ಎಂಥವರು ಅಂತ ಸ್ವಲ್ಪ ತಿಳಿದಿರಲಿ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ, ಆಮೇಲೆ ಮೇಲೂ ಒಮ್ಮೆ ನೋಡುವವರು. ಒಲೆ ಆರಿಸಿ ಮಲಗಿದವರು ಮತ್ತೆ ಎದ್ದು ಹೋಗಿ ಆರಿದೆಯಾ ಅಂತ ನೋಡಿ ಬರುವವರು. ಬಾಗಿಲಿಗೆ ಬೀಗ ಹಾಕಿ ಆ ಬೀಗಕ್ಕೂ ಒಂದು ಬೀಗ ಹುಡುಕುವ ಗಂಡ ತನಗೆ ಸಿಕ್ಕಿದ್ದಾನೆ ಎಂದು ಅಕ್ಕ ಮದುವೆಯಾದ ಹೊಸದರಲ್ಲೇ ನಮ್ಮಮ್ಮನ ಹತ್ತಿರ ದೂರು ಹೇಳಿದ್ದಳು. ಅಂಥವರು ಮೇಷ್ಟರು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದರು. ಅದೇ ಆದದ್ದು.

ದರ್ಜಿ ಅಂಗಡಿಯ ಎದುರು ಫುಟ್‌ಪಾತಿನ ಪಕ್ಕ ಯಂತ್ರ ಕೂಗಿತು. ಮೇಸ್ತ್ರಿ ಏನಂತೆ ಎಂದು ಕೇಳಿದ. ಭಾವ ಅವಸರ ಮಾಡಲಿಲ್ಲ, ಬಗ್ಗಿ ನಿಂತು ನಾಬನ್ನು ಕೊಂಚ ಕೊಂಚವೇ ಹಿಂದಕ್ಕೆ ತಿರುಗಿಸಿದರು. ಅದು ಗೊಣಗಿತು, ಆಮೇಲೆ ಸುಮ್ಮನಾಯಿತು. ಎರಡು ಗೆರೆ ಎಳೆದು, ಇದರೊಳಗೆ ಅಗೆಯಬಹುದು ಎಂದರು. ಬೇರೆಯವರನ್ನು ಇಳಿಸದೆ ಹಾರೆಯನ್ನೂ ಅವರೇ ಹಿಡಿದರು. ನಾನು ಹಿಂದೆ ಸಲಿಕೆ ಹಿಡಿದು ನಿಂತಿದ್ದೆ. ಕಣ್ಣಿಗೆ ಬಿಳಿ ಬೆಳಕು ಹೊಡೆಯಿತು, ನೆಲವೇ ಕೆಮ್ಮಿದಂಥ ಸದ್ದು. ಒಳಗೆ ದರ್ಜಿಯ ಮಿಷನ್ನು ನಿಂತುಹೋಯಿತು, ಬೀದಿಯ ದೀಪಗಳೆಲ್ಲ ಹೋದವು. ಭಾವ ಕೈಗಳನ್ನು ಮುಂದಕ್ಕೆ ಚಾಚಿಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದರು. ನೋಯುತ್ತಿದೆ ಅನ್ನಲಿಲ್ಲ, ನೀರು ಕೇಳಲಿಲ್ಲ.

“ನಾನು ಗೆರೆ ಒಳಗೇ ಹೊಡೆದೆ ಅಲ್ವೇನೋ?” ಅಂದರು.

ಒಳಗೇ ಭಾವ, ಅಂದೆ. ನಿಮ್ಮ ವರದಿಗೆ ಸಾಕ್ಷಿ ಬೇಕಿದ್ದರೆ ನನ್ನನ್ನು ಕೇಳಬಹುದಿತ್ತು.

ವರದಿ ಬಂದ ಮೇಲೆ ತಡೆಯಲಾರದೆ ಮೇಷ್ಟರಿಗೇ ಫೋನ್ ಮಾಡಿದೆ. ಅವರು ಫೋನು ಎತ್ತಿದರು, ಅದು ಅವರ ದೊಡ್ಡತನ; ನಿಮ್ಮ ಕಚೇರಿಯಲ್ಲಿ ಬೇರೆ ಯಾರೂ ಎತ್ತಲಿಲ್ಲ. ಎಲ್ಲ ಕೇಳಿಸಿಕೊಂಡರು. ಆಮೇಲೆ, ಅದು ಆ ರೂಮಿಗೆ ಮಾತ್ರ ಹೇಳಿದ್ದಪ್ಪಾ, ಅಂದರು. ನಾಬು ಇರುವುದು ಎಲ್ಲಿ ಹೆಚ್ಚು ಕೂಗುತ್ತದೆ ಎಂದು ಜಾಗ ಹಿಡಿಯುವುದಕ್ಕಂತೆ. ಜಾಗ ಸಿಕ್ಕಿದ ಮೇಲೆ ಅಲ್ಲಿ ಹಾರೆ ಎತ್ತಲೇಬಾರದಂತೆ. ಪಕ್ಕದಿಂದ ಸಲಿಕೆಯಲ್ಲಿ ಮೆಲ್ಲಗೆ ಮಣ್ಣು ಸರಿಸಿ ತಂತಿಯನ್ನು ಕಣ್ಣಾರೆ ನೋಡಬೇಕಂತೆ. ಯಂತ್ರ ಕೂಗದಿದ್ದರೂ ಪ್ಲಾಸ್ಟಿಕ್ ಪೈಪು ಇರಬಹುದಂತೆ, ಅದಕ್ಕೆ ನಕ್ಷೆ ನೋಡಬೇಕಂತೆ. ಇಷ್ಟೆಲ್ಲ ‘ಅಂತೆ’ಗಳನ್ನು ಅವತ್ತೇ ಯಾಕೆ ಹೇಳಲಿಲ್ಲ ಸಾರ್ ಅಂದೆ. ಆ ಕೋಣೆಯಲ್ಲಿ ಏನಂತ ತೋರಿಸಲಿ, ನೆಲ ಕೊಡಿ ಎಂದು ಕೇಳಿ ಕೇಳಿ ಸಾಕಾಯಿತು ಎಂದರು. ಇದನ್ನೇ ಬರೆದು ಕೊಡುತ್ತೀರಾ ಅಂದೆ. ತಮಗೂ ಮೇಲೆ ಇದ್ದಾರೆ ಎಂದರು.

ಆ ಮೇಲಿನವರು ನೀವೇ, ಮಾನ್ಯರೇ. ಮಗುವಿನ ಅಳು ಕೇಳಬಾರದೆಂದು ಕಿವಿಗೆ ಹತ್ತಿ ಇಟ್ಟುಕೊಂಡರೆ ಮಗು ನಿದ್ದೆ ಹೋಯಿತು ಎಂದು ಅರ್ಥವೇ? ನಾವು ಕಲಿತದ್ದು ಅದನ್ನೇ. ನೀವು ಮಾಡಿದ್ದೂ ಅದನ್ನೇ, ಇನ್ನೂ ದೊಡ್ಡ ನಾಬಿನಿಂದ. ಕೆಲಸಗಾರನ ಅಜಾಗರೂಕತೆ ಎಂದು ಬರೆದುಬಿಟ್ಟರೆ ತರಬೇತಿಯಲ್ಲಿ ದೋಷವಿಲ್ಲ. ದೋಷವಿಲ್ಲದ ತರಬೇತಿಯನ್ನು ಬದಲಿಸುವುದು ಯಾಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಈಗಾಗಲೇ ಬಿದ್ದಿದೆ, ಜ್ವರ ಮಾತ್ರ ಮೂರನೇ ಮಹಡಿಯಲ್ಲಿ ಹಾಯಾಗಿದೆ.

ಯಂತ್ರ ಬಂದ ಮೇಲೆ ಅಕ್ಕನಿಗೆ ಮತ್ತೆ ಫೋನ್ ಮಾಡಿದೆ; ಅಷ್ಟರಲ್ಲಿ ಭಾವನ ಹತ್ತಿರ ಮಾತಾಡಿದ್ದ ಅವಳು ಹೇಳಿದ್ದು ಇಷ್ಟೇ: “ಅವ್ರಿಗೆ ಕೈ ಸುಟ್ಟಿದ್ದಕ್ಕಿಂತ ಆ ಮಾತೇ ಉರೀತಿದೆ ಕಣೋ. ನೀನು ಆ ಮಷೀನ್ ಮುಟ್ಟಬೇಡ.” ಮುಟ್ಟುವುದಿಲ್ಲ ಎಂದು ಬಾಯಿಗೆ ಬಂದಿತ್ತು. ಆದರೆ ನಾನು ಬಿಟ್ಟರೆ ಕೆಲಸಗಾರರ ಶೆಡ್ಡಿನಲ್ಲಿ ನನ್ನ ಪಕ್ಕದಲ್ಲಿ ಮಲಗುವವನು ಹಿಡಿಯುತ್ತಾನೆ. ಅವನೂ ಅದೇ ಸಾಲಿನಲ್ಲಿ ನಿಂತು, ಅದೇ ಟೈಲ್ಸಿನ ಮೇಲೆ ಗೆರೆ ಎಳೆದವನು. ಫೋಟೋದಲ್ಲಿ ಅವನೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಾನೆ.

ಆದ್ದರಿಂದ ಕೇಳುತ್ತಿದ್ದೇನೆ. ಆ ವಾಕ್ಯವನ್ನು ವಾಪಸು ತೆಗೆದುಕೊಳ್ಳಿ. ತಪ್ಪು ಕಲಿಸಿದ್ದರಿಂದ ಆಯಿತು ಎಂದು ಬರೆಯಿರಿ. ಸೋಮವಾರದ ಅಗೆತ ನಿಲ್ಲಿಸಿ. ಕಾರುಗಳನ್ನು ಬೀದಿಗೆ ಕಳಿಸಿ, ಆ ಹಿತ್ತಲಿನ ಮಣ್ಣಿನಲ್ಲಿ ಒಂದು ತಂತಿ, ಒಂದು ಪೈಪು ಹೂಳಿಸಿ, ನಮ್ಮೆಲ್ಲರನ್ನೂ ಅದರ ಮೇಲೆ ನಡೆಸಿ. ಯಂತ್ರ ಕೂಗಲಿ. ಕೂಗಿದ ಕಡೆ ನಿಲ್ಲುವುದನ್ನು ನಾವು ಕಲಿಯುತ್ತೇವೆ. ಇದು ಯಾವುದೂ ಆಗದು ಎನ್ನುವುದಾದರೆ ಸೋಮವಾರ ತಾವೇ ದಯಮಾಡಿಸಬೇಕು. ನಿಮ್ಮ ಪದ್ಧತಿಯಂತೆಯೇ ನಾಬು ತಿರುಗಿಸಿ ನಾನು ಗೆರೆ ಎಳೆದು ಕೊಡುತ್ತೇನೆ. ಹಾರೆ ತಾವು ಹಿಡಿಯಿರಿ.

ಇಂತಿ,
ನಿಮ್ಮ ಕಡತದ ಪ್ರಕಾರ ಎಲ್ಲ ಬಲ್ಲವನು, ಸದ್ಯಕ್ಕೆ ಎರಡೂ ಕೈ ಇರುವವನು

ಫೋನ್ ಮಾಡುವುದಾದರೆ ಸೋಮವಾರ ಬೆಳಗ್ಗೆ ಏಳೂವರೆಯೊಳಗೆ ಮಾಡಿ. ಎಂಟಕ್ಕೆ ಹಾರೆ ಬೀಳುತ್ತದೆ.