ಕೀಳದ ಎಲೆ

ಜುಲೈ 3, ಗುರುವಾರ. ಬೆಳಿಗ್ಗೆ 5:40

ಎಡಗಡೆ ಹನ್ನೆರಡು ನಿಮಿಷ, ಬಲಗಡೆ ಒಂಬತ್ತು. ಹಾಲು ಕುಡಿದು ಮಗಳು ಮತ್ತೆ ಮಲಗಿದಳು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ — ಉಸಿರಿದೆ. ರಾತ್ರಿಯಿಂದ ಇದು ಆರನೆಯ ಸಲ. ಹುಟ್ಟಿ ನಾಲ್ಕು ತಿಂಗಳಾಯಿತು, ಐಕಾ ಉಸಿರಾಡುವುದನ್ನು ಒಮ್ಮೆಯೂ ಮರೆತಿಲ್ಲ. ಆದರೂ...

ಕಿಟಕಿಯಲ್ಲಿ ಮೇರು ಪರ್ವತ, ಕಿಲಿಮಂಜಾರೋದ ನೆರೆಯದು. ಸೊಂಟದ ತನಕ ಮಂಜು. ಹೋದ ವರ್ಷ ಈ ಹೊತ್ತಿಗೆ ಬೂಟು ಹಾಕಿಕೊಂಡು ಅದರ ಬುಡದ ನ್ಯಾಷನಲ್ ಪಾರ್ಕಿನ ಗೇಟಿನಲ್ಲಿರುತ್ತಿದ್ದೆ.

ನಮ್ಮ ಸಫಾರಿ ಕಂಪನಿಯ ಲೆಮಾ ಸಾಹೇಬರ ಮೆಸೇಜನ್ನು ಮತ್ತೆ ಓದಿದೆ. "ಅನಾಯೇಲಿ, ಹನ್ನೆರಡನೇ ತಾರೀಕು, ಶನಿವಾರ, ಒಂದು ದಿನದ ಸಫಾರಿ. ನಿಮ್ಮ ಚರ್ಚಿನ ಹಾಡೋ ಹೆಂಗಸರು. ಪಕ್ಕದಲ್ಲಿ ಕೂತು ನೋಡ್ತೀನಿ. ಸರಿಹೋದ್ರೆ ಆಗಸ್ಟ್ ಒಂದರಿಂದ ಗೈಡ್ ಕೆಲಸ ನಿಂದೇ. ಇಲ್ಲಾಂದ್ರೆ ಬೇರೆಯವರನ್ನ ಖಾಯಂ ಮಾಡ್ಬೇಕಾಗತ್ತೆ."

ಕಂಪನಿಯಲ್ಲಿ ಹನ್ನೊಂದು ಗೈಡುಗಳು. ಹೆಂಗಸು ನಾನೊಬ್ಬಳೇ. ಕಾಲೇಜಿನಲ್ಲಿ ಪಕ್ಷಿಗಳ ಪರೀಕ್ಷೆಯಲ್ಲಿ ಮೊದಲ ಸ್ಥಾನ. ಆ ಜಾಗ ಬಿಟ್ಟುಕೊಡುವುದಿಲ್ಲ.

ಆದರೆ ಮಗು? ಅತ್ತೆ ನೋಡಿಕೊಂಡರೆ ಮಾತ್ರ ಕೆಲಸ. ಇವತ್ತು ಕೇಳಿಬಿಡಬೇಕು. ಒಳ್ಳೆಯ ಮಾತಿನಲ್ಲಿ.

ಮಧ್ಯಾಹ್ನ 3:00

ಆಡಬಾರದ್ದನ್ನು ಆಡಿಬಿಟ್ಟೆ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಐಕಾ ಅತ್ತೆಯ ಮಡಿಲಲ್ಲಿ. ಗಲ್ಲದ ತನಕ ಬಾಳೆಕಾಯಿ ಗಂಜಿ. ಆರು ತಿಂಗಳು ಎದೆಹಾಲು ಮಾತ್ರ ಅಂತ ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ, ದಪ್ಪ ಅಕ್ಷರದಲ್ಲಿ. ಅಂಗಳದಲ್ಲಿ ಹಾಡಿನ ಹೆಂಗಸರೆಲ್ಲ ಅಭ್ಯಾಸಕ್ಕೆ ಬಂದು ಕೂತಿದ್ದರು. ಅವರ ಎದುರಿಗೇ —

"ಗೋಡೆ ಮೇಲೆ ಬರೆದು ಹಾಕಿದೀನಲ್ಲ! ಓದಕ್ಕೆ ಬರಲ್ಲ ಅಂದ್ರೆ ಕೇಳ್ಬೇಕು!"

ಹೆಂಗಸರೆಲ್ಲ ಹಾಡಿನ ಪುಸ್ತಕಕ್ಕೆ ಮುಖ ಇಳಿಸಿದರು.

ಅತ್ತೆಗೆ ಓದಲು ಬರುವುದಿಲ್ಲ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಚರ್ಚಿನಲ್ಲಿ ಹಾಡಿನ ಪುಸ್ತಕ ಬಿಡಿಸಿ ಹಿಡಿದಿರುತ್ತಾರೆ, ಕೆಲವು ಸಲ ತಲೆಕೆಳಗಾಗಿ. ಇನ್ನೂರು ಹಾಡು ಬಾಯಲ್ಲೇ ಇವೆ. ಒಮ್ಮೆ ಕಿವಿಗೆ ಬಿದ್ದರೆ ಮುಗಿಯಿತು. ಹೇಳಿಕೊಡುವವರೂ ಅವರೇ.

ಬಟ್ಟಲು ಕೆಳಗಿಟ್ಟರು. ಮಗುವಿನ ಬಾಯಿ ಒರೆಸಿ ನನ್ನ ಕೈಗೆ ಕೊಟ್ಟರು.

ಜುಲೈ 5, ಶನಿವಾರ

ಮಾತು ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಅಂದರೆ, ನನ್ನ ಜೊತೆ. ಎಲ್ಲವೂ ಮಗುವಿನ ಮೂಲಕ.

"ಐಕಾ, ನಿಮ್ಮಮ್ಮಂಗೆ ಹೇಳು, ಒಲೆ ಮೇಲೆ ಮಾಂಸದ ಸಾರಿದೆ. ಬಾಣಂತಿ ಬಿಸಿಯಾಗಿ ಕುಡೀಬೇಕು."

ನಾನೂ ಕಡಿಮೆಯಿಲ್ಲ. "ಐಕಾ, ನಿಮ್ಮಜ್ಜಿಗೆ ಹೇಳು, ನಂಗೆ ಹಸಿವಿಲ್ಲ."

"ಐಕಾ, ಹಸಿವಿದೆಯಾ ಅಂತ ಯಾರು ಕೇಳಿದ್ರು? ಹಾಲು ನಿಂಗೆ ಬೇಕಲ್ಲ, ಅದಕ್ಕೆ."

ಐಕಾ ಇಬ್ಬರನ್ನೂ ನೋಡಿ ಜೊಲ್ಲು ಸುರಿಸಿದಳು. ಸಾರು ಕುಡಿದೆ. ಚೆನ್ನಾಗಿತ್ತು. ಹೇಳಲಿಲ್ಲ.

ಜುಲೈ 6, ಭಾನುವಾರ

ಚರ್ಚಿನಿಂದ ಬರುವಾಗ ಎಲಿನಾಜಾ ಜೊತೆಯಾದಳು. ಅತ್ತೆಯ ಗೆಳತಿ, ಊರಿನ ಬಾಯಿ.

"ನಿಮ್ಮನೆ ಬೇಲಿ ತುಂಬ ಸಾಲೆ ಗಿಡ. ಒಂದೆಲೆ ಕಿತ್ತು ನಿಮ್ಮತ್ತೆ ಕೈಗಿಡು, ಮುಗೀತು. ಸಾಲೆ ಎಲೆ ಹಿಡ್ಕೊಂಡು ಬಂದ್ರೆ ಕೊಲೆ ಮಾಡ್ದೋನಿಗೂ ಕ್ಷಮೆ ಇಲ್ಲ ಅನ್ನಂಗಿಲ್ಲ. ನಮ್ಮಜ್ಜಂದಿರ ಕಾಲದ್ದು."

"ನಾನ್ಯಾಕೆ ಕೊಡ್ಲಿ? ಗಂಜಿ ತಿನ್ನಿಸಿದ್ದು ಅವರು. ಮಗುಗೆ ಎರಡು ದಿನ ಹೊಟ್ಟೆ ಕೆಟ್ಟಿತ್ತು."

"ಹೂಂ ಕಣಮ್ಮ. ಓದಿದೋರ ಕೈಗೆ ಎಲೆ ಭಾರ ಜಾಸ್ತಿ."

ಐಕಾಳ ಟೋಪಿ ಸರಿಮಾಡುತ್ತಾ ಬೇಗ ಬೇಗ ನಡೆದೆ.

ಜುಲೈ 9, ಬುಧವಾರ. ಮಧ್ಯಾಹ್ನ

ಗಾಡ್‌ಲಿಸನ್ ಫೋನು. ಹತ್ತು ದಿನದಿಂದ ನನ್ನ ಗಂಡ ಸೆರೆಂಗೆಟಿಯಲ್ಲಿ ಸಫಾರಿ ಜೀಪು ಓಡಿಸುತ್ತಿದ್ದಾನೆ. ನಮ್ಮ ಮಾಮೂಲು ಜಗಳ ಶುರುವಾಯಿತು —

"ಹೇಗಿದೆ ನಿನ್ನ ಜೇಬಿನಷ್ಟು ಪುಟ್ಟ ಕಾಡು? ಒಂದಾದ್ರೂ ಸಿಂಹ ಬಾಡಿಗೆಗೆ ಕಳಿಸ್ಲಾ?"

"ನಿಮ್ಮಲ್ಲಿ ಮೂರು ದಿನ ಓಡಿಸಿದ್ರೂ ಹುಲ್ಲೇ. ನನ್ನದ್ರಲ್ಲಿ ಒಂದು ಹಗಲಿಗೆ ಮಳೆಕಾಡು, ಏಳು ಕೆರೆ, ಬಾಯಿ ತೆರೆದ ಜ್ವಾಲಾಮುಖಿ, ಮೇಲೆ ಮೇರು. ಎದುರಿಗೆ ಕಿಲಿಮಂಜಾರೋ, ಪುಕ್ಕಟೆ."

ನಕ್ಕ. ಆಮೇಲೆ ಮೆತ್ತಗೆ, "ಅಮ್ಮನ ಜೊತೆ ಮಾತಾಡಿದ್ಯಾ?"

ಲೈನು ಕಟ್ಟಾಯಿತು. ನಾನೇ ಕಟ್ ಮಾಡಿದೆ.

ಜುಲೈ 11, ಶುಕ್ರವಾರ. ಸಂಜೆ

ಯೂನಿಫಾರ್ಮ್ ಇಸ್ತ್ರಿ ಮಾಡಿದೆ. ಎದೆಯ ಎರಡು ಗುಂಡಿ ಸೇರುತ್ತಿಲ್ಲ. ಪಿನ್ನು. ಹಾಲು ಸೋರಿದರೆ? ಮೇಲೆ ದುರ್ಬೀನು ತೂಗಿಬಿಟ್ಟರೆ ಕಾಣುವುದಿಲ್ಲ. ಕನ್ನಡಿಯ ಮುಂದೆ ಹೇಳಿ ನೋಡಿದೆ — ಫ್ಲೆಮಿಂಗೋ, ಕಾಡೆಮ್ಮೆ, ಕೊಲೊಬಸ್ ಕೋತಿ. ಒಂದು ಹೆಸರೂ ಮರೆತಿಲ್ಲ. ಒಂದೂ!

ಅಷ್ಟರಲ್ಲಿ ಬಾಗಿಲಾಚೆಯಿಂದ: "ಐಕಾ, ನಿಮ್ಮಮ್ಮಂಗೆ ಹೇಳು, ನಾಳೆ ನೀನು ನನ್ನ ಬೆನ್ನ ಮೇಲೆ ಬರ್ತೀಯ. ಒಂದು ದಿನಕ್ಕೆ. ನಿಮ್ಮಪ್ಪ ಫೋನಲ್ಲಿ ಎಲ್ಲಾ ಹೇಳ್ದ. ಆಗಸ್ಟ್ ಮಾತು ಆಗಸ್ಟಿಗೆ."

ಜುಲೈ 12, ಶನಿವಾರ. ಸಂಜೆ 6:30

ಕ್ರಮವಾಗಿ ಬರೆಯಬೇಕು.

ಮಿನಿಬಸ್ಸು. ಅತ್ತೆ ಸೇರಿ ಇಪ್ಪತ್ತೆರಡು ಹೆಂಗಸರು, ಎಲ್ಲರಿಗೂ ಒಂದೇ ನೀಲಿ ಬಟ್ಟೆ ಹೊಲಿಸಿದ್ದರು. ಕೊನೆಯ ಸೀಟಿನಲ್ಲಿ ಅತ್ತೆ, ಬೆನ್ನಿಗೆ ಐಕಾ. ಮುಂದೆ ನನ್ನ ಪಕ್ಕ ಲೆಮಾ ಸಾಹೇಬರು, ಕೈಯಲ್ಲಿ ಪೆನ್ನು. ಗೇಟಿನಲ್ಲಿ ಎದ್ದು ನಿಂತು ಹೇಳಿದೆ: ನಾನು ಹೇಳದೆ ಯಾರೂ ಇಳಿಯಬಾರದು. ಗಲಾಟೆ ಮಾಡಬಾರದು. ಎಲೆ, ಕಲ್ಲು, ಗರಿ, ಮೂಳೆ — ಏನನ್ನೂ ಕೀಳಬಾರದು, ಎತ್ತಿಕೊಳ್ಳಬಾರದು. ಕಿತ್ತರೆ ಗೈಡಿನ ಲೈಸೆನ್ಸ್ ಹೋಗುತ್ತದೆ.

ಇವರೆಲ್ಲ ಈ ಕಾಡಿನ ಬುಡದಲ್ಲೇ ಮುದುಕಿಯರಾದವರು. ಕಾಡಿನ ನಡುವಿನ ರಸ್ತೆಯಲ್ಲಿ ಸಂತೆಗೆ ಹೋಗುತ್ತಾರೆ, ಆಲೂಗಡ್ಡೆ ಮೂಟೆಯ ಮೇಲೆ ಕೂತು. ರಸ್ತೆ ಬಿಟ್ಟು ಒಳಗೆ ಒಬ್ಬರೂ ಬಂದವರಲ್ಲ. ಒಳಗೆ ಬಂದವರೆಲ್ಲ ವಿಮಾನದಲ್ಲಿ ಬಂದ ವಿದೇಶಿಯರು.

ಕೊಲೊಬಸ್ ಕೋತಿಗಳು ಕೊಂಬೆಯಿಂದ ಕೊಂಬೆಗೆ. ಕಪ್ಪು ಮೈ, ಬೆನ್ನ ಮೇಲಿನ ಬಿಳಿ ಕೂದಲು ನಿಲುವಂಗಿಯ ಹಾಗೆ ಹಾರಿತು. "ಅಯ್ಯೋ, ಪಾದ್ರಿಗಳು!" ಎಂದಳು ಎಲಿನಾಜಾ. "ಇವರಾದ್ರೂ ಬೇಗ ಪ್ರಾರ್ಥನೆ ಮುಗಿಸ್ತಾರಾ?" ಲೆಮಾ ಸಾಹೇಬರ ಪೆನ್ನು ನಿಂತಿತು. ನಕ್ಕರು.

ಮೊಮೆಲ್ಲಾ ಕೆರೆ. ದಡದಗುಂಟ ಫ್ಲೆಮಿಂಗೋ, ಗುಲಾಬಿ ಅಂಚು ಹೊಲಿದ ಹಾಗೆ. ಈ ನೀರಲ್ಲಿ ಉಪ್ಪಿದೆ, ಪಕ್ಕದ ಕೆರೆಯಲ್ಲಿಲ್ಲ, ಅದಕ್ಕೇ ಅಲ್ಲಿಯ ಹಕ್ಕಿಗಳೇ ಬೇರೆ, ಅಂದೆ. ಆಗ ಮೋಡ ಸರಿದು ಕಿಲಿಮಂಜಾರೋ ಕಾಣಿಸಿತು. ನಾನೇ ಕರೆಸಿದ ಹಾಗೆ ಕೈ ಚಾಚಿ ತೋರಿಸಿದೆ. ಆ ಕ್ಷಣ ನನಗೆ ನಿದ್ದೆಗೆಟ್ಟದ್ದೂ ನೆನಪಿರಲಿಲ್ಲ.

ಬಯಲಿನಲ್ಲಿ ಕಾಡೆಮ್ಮೆಗಳು ದಾರಿಗೆ ಅಡ್ಡ. ನಲವತ್ತು ಇರಬೇಕು. ಬಸ್ಸು ನಿಲ್ಲಿಸಿದೆವು. ಆಗಲೇ ಐಕಾ ಅಳಲು ಶುರು. ಹಸಿವಿನ ಅಳು — ನನಗೆ ಗೊತ್ತು. ಎದೆ ಜುಂ ಎಂದಿತು, ಪಿನ್ನಿನ ಹತ್ತಿರ ಒದ್ದೆ. ಮುಂದಿನ ಕೋಣ ತಲೆಯೆತ್ತಿ ನಮ್ಮನ್ನೇ ನೋಡುತ್ತಿತ್ತು. ಓಡಿಹೋಗಿ ಎತ್ತಿಕೊಳ್ಳಲೇ? ಗೈಡು ಮುಂದೆ ಇರಬೇಕು. ಪೆನ್ನು ಬರೆಯುತ್ತಿತ್ತು.

ಹಿಂದಿನಿಂದ ಅತ್ತೆಯ ದನಿ, ಪಿಸುಮಾತು, ಆದರೆ ಬಸ್ಸಿಗೆಲ್ಲ ಕೇಳುವಂತೆ: "ಶ್... ಐಕಾ. ನಿಮ್ಮಮ್ಮ ಕೆಲಸದಲ್ಲಿದಾಳೆ. ಇಪ್ಪತ್ತೆರಡು ಜೀವ ಅವಳ ಕೈಲಿದೆ. ನೀನು ಇಪ್ಪತ್ಮೂರನೇದು. ಸರದಿ ಬರತ್ತೆ ತಡಿ." ಆಮೇಲೆ ಗಂಟಲೊಳಗೇ ಒಂದು ಹಾಡು. ಅಳು ಇಳಿಯಿತು. ಎಮ್ಮೆಗಳು ದಾಟಿದವು. ಬಸ್ಸು ನಿಂತ ಮೊದಲ ನೆರಳಲ್ಲಿ ಹಾಲು ಕೊಟ್ಟೆ. ಅತ್ತೆ ಅಡ್ಡಕ್ಕೆ ಬಟ್ಟೆ ಹಿಡಿದು ನಿಂತರು, ಮುಖ ಆಚೆಗೆ.

ಕೊನೆಗೆ ಎನ್ಗುರ್ಡೋಟೋ. ಜ್ವಾಲಾಮುಖಿಯ ಅಂಚು. ಕೆಳಗೆ ಹಸಿರು ಬೋಗುಣಿ, ಅದರ ತಳದಲ್ಲಿ ಚುಕ್ಕಿಗಳ ಹಾಗೆ ಕಾಡೆಮ್ಮೆಗಳು.

"ಇಳೀಬಹುದಾ?" ಎಲಿನಾಜಾ ಕೇಳಿದಳು.

"ಇಲ್ಲ. ಕೆಳಗೆ ಸಂದರ್ಶಕರು ಯಾರೂ ಇಳಿಯೋ ಹಾಗಿಲ್ಲ. ದುಡ್ಡು ಕೊಟ್ರೂ ಇಲ್ಲ. ಅದು ಪ್ರಾಣಿಗಳದ್ದು."

ಅತ್ತೆ ಅಂಚಿನ ತನಕ ಬಂದರು. ಐಕಾಳನ್ನು ಬೆನ್ನಿನಿಂದ ಮುಂದಕ್ಕೆ ಸರಿಸಿ ತೋರಿಸಿದರು. "ನೋಡು ಮಗಾ. ಮೂವತ್ತೈದು ವರ್ಷ ಇದರ ಕಾಲಡೀಲಿ ಸೌದೆ ಆಯ್ದೆ. ಹೀಗಿದೆ ಅಂತ ಯಾರೂ ಹೇಳಿರ್ಲಿಲ್ಲ ನಂಗೆ. ನಿಮ್ಮಮ್ಮ ಹೇಳಿದ್ಲು."

ಏನಾಯಿತೋ ನನಗೆ. ಪಕ್ಕದಲ್ಲಿ, ಅಂಚಿನ ನೆರಳಲ್ಲಿ, ಸಾಲೆ ಗಿಡ. ಉದ್ದನೆಯ ಎಲೆ, ನಮ್ಮ ಬೇಲಿಯದೇ ಎಲೆ. ಕೈ ತಾನಾಗಿ ಹೋಯಿತು. ಹುಟ್ಟಿದಾಗಿನಿಂದ ಕಲಿತ ಕೈ, ಕಾಲೇಜಿಗೆ ಹೋಗದ ಕೈ. ಬುಡದಲ್ಲಿ ಬಗ್ಗಿಸಿಯೂ ಆಗಿತ್ತು —

ಅತ್ತೆ ಮಣಿಕಟ್ಟು ಹಿಡಿದರು. ಬಿಗಿಯಾಗಿ.

"ಕೈ ತೆಗಿ."

ಒಂಬತ್ತು ದಿನದ ಮೇಲೆ ನೇರ ನನಗೆ. ಮಗುವಿಗಲ್ಲ.

"ಬೆಳಿಗ್ಗೆ ಗೇಟಲ್ಲಿ ಏನಂದೆ? ಎಲೆ, ಕಲ್ಲು, ಗರಿ, ಮೂಳೆ. ಕಿತ್ರೆ ಲೈಸೆನ್ಸ್ ಹೋಗತ್ತೆ ಅಂದೆ. ಓದಕ್ಕೆ ಬರಲ್ಲ ನಂಗೆ. ಕೇಳ್ಸತ್ತೆ."

"ಅತ್ತೆ, ಅವತ್ತು ನಾನು..."

"ಗೊತ್ತಾಯ್ತು. ಎಲೆ ಗಿಡದಲ್ಲೇ ಇರ್ಲಿ. ನಂಗೆ ಸಿಕ್ತು."

ಬಗ್ಗಿದ ಎಲೆಯನ್ನು ಅವರೇ ಬೆರಳಲ್ಲಿ ನೇರ ಮಾಡಿದರು, ಮಗುವಿನ ಕೂದಲು ಸರಿಮಾಡುವ ಹಾಗೆ. ಹಿಂದೆ ಹೆಂಗಸರು. ಇಂಥ ಹೊತ್ತಿಗೆ ಉಲುಲು ಎಂದು ಸಂತೋಷದ ಕೂಗು ಹಾಕದೆ ಇರುವವರಲ್ಲ. ಆದರೆ ಗಲಾಟೆ ಬೇಡ ಅಂದಿದ್ದೆನಲ್ಲ. ಇಪ್ಪತ್ತೊಂದು ಬಾಯಿ ತೆರೆದು, ನಾಲಿಗೆ ಅಲ್ಲಾಡಿಸಿ, ಸದ್ದೇ ಇಲ್ಲದೆ ಉಲುಲು ಹಾಕಿದರು!

ಲೆಮಾ ಸಾಹೇಬರು ಬಂದರು. "ಏನಾಯ್ತಿಲ್ಲಿ?"

"ಏನಿಲ್ಲ ಸಾಹೇಬ್ರೆ," ಎಂದಳು ಎಲಿನಾಜಾ. "ಎಲೆ ಹೇಗೆ ಕೀಳಬಾರ್ದು ಅಂತ ಗೈಡಮ್ಮ ಮಾಡಿ ತೋರಿಸ್ತಿದ್ಲು."

ಅವರು ಗಿಡ ನೋಡಿದರು. ಅತ್ತೆಯನ್ನು ನೋಡಿದರು. ಪೆನ್ನು ಜೇಬಿಗಿಟ್ಟರು. ಬಸ್ಸಿನತ್ತ ಹೊರಟರು. ಅದೇ ಈಗ ಭಯ.

ಜುಲೈ 13, ಭಾನುವಾರ

ಮೆಸೇಜು ಬಂತು. "ಆಗಸ್ಟ್ 1, ಬೆಳಿಗ್ಗೆ ಆರಕ್ಕೆ ಗಾಡಿ ಬರತ್ತೆ. ಆ ಎಲೆ ಪಾಠ ಇನ್ಮೇಲೆ ಬೇಡ. ನಮ್ಮಜ್ಜಿ ಮನೆ ಬೇಲೀಲೂ ಸಾಲೆ ಇತ್ತು. — ಲೆಮಾ."

ಕಂಡಿದ್ದಾರೆ. ಎಲ್ಲಾ ಕಂಡಿದ್ದಾರೆ.

ಅತ್ತೆಗೆ ಓದಿ ಹೇಳಿದೆ. ಎರಡು ಸಲ ಓದಿಸಿದರು. ಮೂರನೆಯ ಸಲ ತಾವೇ ಹೇಳಿದರು, ಅಕ್ಷರ ತಪ್ಪದೆ. ಸಂಜೆ ಬೇಲಿಯ ಹತ್ತಿರ ಎಲಿನಾಜಾಗೆ ಹೇಳುತ್ತಿದ್ದುದು ಕೇಳಿಸಿತು: "ಸ್ವಂತ ಅತ್ತೆಗೂ ಒಂದೆಲೆ ಕಿತ್ತು ಕೊಡ್ಲಿಲ್ಲ ಕಣೇ ನನ್ನ ಸೊಸೆ. ಕಾನೂನು ಅಂದ್ರೆ ಕಾನೂನು!"

ತಡೆದವರು ಯಾರು ಅನ್ನುವುದನ್ನು ಬಿಟ್ಟೇಬಿಟ್ಟರು. ನಾನೂ ತಿದ್ದಲಿಲ್ಲ.

"ಐಕಾನ ನಾನು ನೋಡ್ಕೋತೀನಿ. ಹಾಲು ಹಿಂಡಿಟ್ಟು ಹೋಗು," ಅಂದರು. "ಗಂಜಿ ಆರು ತಿಂಗಳಿಗೆ. ಗೋಡೆ ಮೇಲಿರೋದನ್ನ ಇನ್ನೊಂದ್ಸಲ ಓದು, ಬಾಯಿಪಾಠ ಮಾಡ್ಕೋತೀನಿ."

ಆಗಸ್ಟ್ 1, ಶುಕ್ರವಾರ. ಬೆಳಿಗ್ಗೆ 5:45

ಹತ್ತೊಂಬತ್ತು ದಿನ ಬರೆದಿಲ್ಲ. ನಿದ್ದೆ ಬಂದಿತ್ತು, ಅದಕ್ಕೆ. ನಿನ್ನೆ ಮಗುವಿನ ಉಸಿರು ಒಮ್ಮೆ ಮಾತ್ರ ನೋಡಿದೆ. ಸರಿ, ಎರಡು ಸಲ.

ಯೂನಿಫಾರ್ಮ್ ಆಯಿತು. ಗುಂಡಿಗಳನ್ನು ಅತ್ತೆ ಸರಿಸಿ ಹೊಲಿದಿದ್ದಾರೆ.

ಬೇಲಿಯಿಂದ ಒಂದು ಸಾಲೆ ಎಲೆ ಕಿತ್ತು ತಂದಿದ್ದೇನೆ. ಸಿಕ್ಕಿತು ಅಂದರು, ನಿಜ. ಆದರೂ ಕೈಯಲ್ಲಿ ಇಡಬೇಕು. ನನ್ನ ಕೈಯಿಂದ. ಅಂಗಳದಲ್ಲಿದ್ದಾರೆ, ಬೆನ್ನ ಮೇಲೆ ಐಕಾ, ಬಾಳೆಯ ನಡುವೆ ಸುತ್ತಾಡಿಸುತ್ತಾ, ಥೇಟ್ ನನ್ನ ಗೈಡ್ ದನಿಯಲ್ಲಿ: "ಎಡಗಡೆ ನೋಡಿ ಅಮ್ಮೋರೆ, ಇದು ಕೋಳಿ. ಬಲಗಡೆ ನಮ್ಮ ಹಸು. ಗಲಾಟೆ ಮಾಡಬಾರ್ದು. ಆ ಎತ್ತರದಲ್ಲಿ ಕಾಣ್ತಿದ್ಯಲ್ಲ, ಅದು ನಿಮ್ಮಮ್ಮನ ಕಾಡು..."

ಗಾಡಿಯ ಹಾರ್ನು. ಎಲೆ ಒದ್ದೆಯಾಗಿದೆ. ಹೋಗಿ ಅತ್ತೆಗೆ ಕೊಟ್ಟು, ಐಕಾಗೊಂದು ಮುತ್ತು ಕೊಟ್ಟು, ಆಮೇಲೆ ನನ್ನ ಕಾಡಿಗೆ.