ಶನಿವಾರ ಕುಂದ್ರೋ ಗಾಡಿ

ನಾಂಪಲ್ಲಿ ದವಾಖಾನಿ, ಹಾಸಿಗಿ ನಂಬರ್ ಹದಿನೇಳು
ಬುಧವಾರ, ಮಧ್ಯಾಹ್ನ ಗಂಜಿ ಕುಡದಮ್ಯಾಲೆ

ಮಣಿಕೊಂಡದ ಪ್ಲಾಟಿನ ಧಣಿ, ನಮ್ಮಕ್ಕನ ಒಬ್ಬನ ಮಗ, ನನ್ನ ಅಳಿಯ ಶಾಂತಕುಮಾರಗ,

ನೀ ಪ್ಲಾಟಿನ್ಯಾಗ, ನಾ ಕಾಟಿನ್ಯಾಗ, ಇಬ್ರೂ ಆರಾಮ ಅದೀವಿ ಅಂತ ಮೊದಲ ಬರದುಬಿಡ್ತೀನಿ. ಹರ್ನಿಯಾದ ಹೊಲಿಗಿ ಒಣಗಾಕತ್ತಾವ. ಎರಡು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ನಗಬಾರದು ಅಂತ ಡಾಕ್ಟರು ಹೇಳ್ಯಾರ. ಮೊದಲಿನ ಎರಡು ಮಾತು ಕೇಳ್ತೀನಿ. ಬಂದ ದಿನ ನಾ ನರ್ಸಮ್ಮಗ ಕಿವಿ ಕೇಳಂಗಿಲ್ಲ ಅಂತ ಕೈ ಮಾಡಿ ತೋರ್ಸಿದ್ದೆ. ಈಗ ಆಕಿ ನನ್ನ ಬಾಜೂಕನ ನಿಂತು ತಮ್ಮತ್ತಿ ಸುದ್ದಿ ಎಲ್ಲಾ ಫೋನಿನ್ಯಾಗ ಹೇಳ್ತಾಳ. ಭಾಳ ಛಲೋ ನಡದೈತಿ. ಆ ಅತ್ತಿ ಕಥಿ ಮುಗಿಯೂತನಕ ಡಿಸ್ಚಾರ್ಜ್ ಮಾಡಿದ್ರೂ ನಾ ಬರಾಂವಲ್ಲ.

ಆದ್ರ ಈ ಕಾಗದ ಚ್ಯಾಷ್ಟಿ ಅಲ್ಲ. ನನ್ನ ಬಾಯಾಗಿಂದ ಖರೆ ಮಾತು ಬಂದ್ರ ನೀ ಮೊದಲ ಹಲ್ಲು ಕಿಸೀತಿ, ಅದಕ್ಕ ಬರದು ಕೊಡಾಕತ್ತೀನಿ. ನಿನ್ನೆ ನೀ ಬಂದಾಗ ಹೇಳಬೇಕಂದ್ರ ಜೋಡಿ ಕಾವ್ಯಾ ಇದ್ಲು. ನಿನ್ನ ಹೆಂಡತಿ ಬಂಗಾರದಂಥಾಕಿ, ಆದ್ರ ಆಕಿ ಹೊಟ್ಟ್ಯಾಗ ಮಾತು ನಿಂದ್ರಂಗಿಲ್ಲ. ಸಂಜಿ ಚಾದ ಹೊತ್ತಿಗೆ ಆಕಿ ಅತ್ತಿ, ಅಂದ್ರ ನಿಮ್ಮವ್ವನ ಕಿವಿಗೆ ಮುಟ್ಟಿರ್ತಿತ್ತು. ಈ ಸುದ್ದಿ ಆ ಕಿವಿಗೆ ಹೋಗಬಾರದು. ಅದಕ್ಕ ಎಕ್ಸ್‌ರೇ ಲಕೋಟಿ ಒಳಗ ಇಟ್ಟೀನಿ. ನಮ್ಮ ಮನ್ಯಾಗ ಎಕ್ಸ್‌ರೇ ತಗದು ಬೆಳಕಿಗೆ ಹಿಡದು, ಏನೂ ತಿಳೀದಿದ್ರೂ ಹೂಂ ಅನ್ನಾಂವ ನೀ ಒಬ್ಬನ.

ನಿನ್ನೆ ನನ್ನ ಕಾಲ ಕಡೆ ಕುಂತು ಏನಂದಿ? "ಮಾಮಾ, ಗಾಡಿ ಹಿಂದಿನ ಗಾಳಿ ಚೀಲ ಮತ್ತ ಸೋರಾಕತ್ತಾವ. ಹಾಕಿ ಆರು ತಿಂಗಳ ಆಗಿಲ್ಲ. ಶುಕ್ರವಾರ ಗಾಡಿ ಒಯ್ದು, ಎರಡೂ ಬಿಚ್ಚಿ, ಆ ಸ್ಪೇರ್ ಪಾರ್ಟ್ಸ್ ದಿನೇಶನ ಮಾರಿ ಮ್ಯಾಲೆ ಒಗೀತೀನಿ. ಆಮ್ಯಾಲೆ ಈ ದರಿದ್ರ ಗಾಡೀನ ಮಾರಿಬಿಡ್ತೀನಿ." ನಾ ನಕ್ಕೆ. ಹೊಲಿಗಿ ಜಗ್ಗಿ ಕಣ್ಣಾಗ ನೀರು ಬಂತು. ನೋವು ಅಂತ ತಿಳದು ನೀ ನರ್ಸಮ್ಮನ್ನ ಕರದಿ.

ಶಾಂತ್ಯಾ, ಒಗೀಬ್ಯಾಡ. ಮಾರಬ್ಯಾಡ. ದಿನೇಶ ಕೊಟ್ಟ ಮಾಲು ಬರಾಬರ್ ಐತಿ. ಚೀಲ ಸೋರಾಕತ್ತಿಲ್ಲ. ಗಾಳಿ ಬಿಡಾಂವ ನಾನ.

ಬೈಯೂದು ಆಮ್ಯಾಲೆ ಬೈಯಿ. ಮೊದಲ ಪೂರಾ ಓದು.

ನೀ ಆ ಹಳೇ ಫೋರ್ ವ್ಹೀಲ್ ಗಾಡಿ ತಂದಾಗ ಮಣಿಕೊಂಡದಾಗ ರಸ್ತೆ ಅನ್ನೂದು ನಕ್ಷಾದಾಗಷ್ಟ ಇತ್ತು. ಕಂಪ್ಯೂಟರ್ ಹುಡುಗ್ರು ಪ್ಲಾಟ್ ನೋಡಾಕ ಬರ್ತಿದ್ರು, ನೀ ಅವರನ್ನ ಬಂಡಿಗಲ್ಲು ಹತ್ತಿಸಿ ಇಳಿಸಿ, "ಇಲ್ಲಿ ಪಾರ್ಕ್ ಬರ್ತೈತಿ ಸಾರ್, ಇಲ್ಲಿ ಸ್ಕೂಲ್ ಬರ್ತೈತಿ" ಅಂತ ಮುಳ್ಳಿನ ಕಂಟಿ ತೋರಸ್ತಿದ್ದಿ. ದುಬೈದಾಗ ಯಾವನೋ ಹೊಡದು ಬಿಟ್ಟ ಗಾಡಿ ಅದು. ಹಿಂದ ಭಾರ ಹೊರೋ ಕಬ್ಬಿಣದ ಪಾಟಿ ಇಲ್ಲ, ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ಎರಡು ರಬ್ಬರ್ ಚೀಲದ ಮ್ಯಾಲೆ ನಿಂದ್ರೂದು. "ಏರ್ ಸಸ್ಪೆನ್ಶನ್ ಮಾಮಾ!" ಅಂದಿ. ಸಸ್ಪೆನ್ಶನ್ ನನಗೇನು ಹೊಸಾದಲ್ಲ, ಬಸ್ ಡಿಪೋದಾಗ ಮೆಕ್ಯಾನಿಕ್ ಇದ್ದಾಗ ಚ್ಯಾಷ್ಟಿ ಸಲುವಾಗಿ ನನಗ ಮೂರು ಸಲ ಆಗಿತ್ತು. ಆದ್ರ ನಿನ್ನ ಗಾಡಿದು ಹೆಸರಿಗಷ್ಟ ಏರ್. ಏರೂದು ಬಿಟ್ಟು ದಿನಾ ಇಳೀತಿತ್ತು. ಸಂಜಿಗೆ ನಿಲ್ಲಿಸಿದ್ರ ಮುಂಜಾನಿಗೆ ಹಿಂದಿನ ಭಾಗ ನೆಲಕ್ಕ ಕುಂತು, ಬಾಗಿಲ ಕಾಯೋ ನಾಯಿ ಹಂಗ ಮಾರಿ ಎತ್ತಿಕೊಂಡು ನೋಡ್ತಿತ್ತು. ಚಾಲೂ ಮಾಡಿದ್ರ ಕಂಪ್ರೆಸರ್ ಗುರ್ ಗುರ್ ಅಂತ ಐದು ನಿಮಿಷಕ್ಕ ಎಬ್ಬಸ್ತಿತ್ತು. ಗಿರಾಕಿ ಮುಂದ ನಿನಗ ನಾಚಿಕಿ.

ಹೋದ ದೀಪಾವಳಿ ಆದಮ್ಯಾಲೆ ಇಬ್ರೂ ಕೂಡಿ ಚೀಲ ಬದಲಾಸಿದ್ವಿ. ನೀ ಪಾನಾ ಕೊಡ್ತಿದ್ದಿ, ನಾ ಕೆಳಗ. ಸಬಕಾರದ ನೀರು ಹಚ್ಚಿದ ಕೂಡಲೆ ಚೀಲದ ಮಡಕಿ ತುಂಬ ಬುರುಗು ಗುಳ್ಳಿ ಎದ್ದಿತ್ತು. ಜಾಕ್ ಹಚ್ಚಿ, ಚಾಸಿ ಕೆಳಗ ಸ್ಟ್ಯಾಂಡ್ ಕೊಟ್ಟು, ಗಾಲಿ ಬಿಚ್ಚಿ, ಗಾಳಿ ಪೈಪ್ ಕಳಚಿ, ಕ್ಲಿಪ್ ಕಿತ್ತಿ ಹೊರಗ ತಗದ್ರ ರಬ್ಬರ್ ನನ್ನ ಹಿಮ್ಮಡಿ ಹಂಗ ಒಡದಿತ್ತು. ಹೊಸಾವು ಕೂಡಿಸಿ, ಭಾರ ಬಿಡೂಕಿಂತ ಮೊದಲ ಗಾಳಿ ತುಂಬಿದ್ವಿ. ಹಂಗ ಮಾಡದಿದ್ರ ಮಡಕಿ ಸಿಕ್ಕೊಂಡು ಹರೀತೈತಿ ಅಂತ ನಿನಗ ಹೇಳಿದ್ದೆ. ಗಾಡಿ ಎದ್ದು ನಿಂತಿತು. ಮರುದಿನ ಮುಂಜಾನಿಗೂ ಹಂಗ ನಿಂತಿತ್ತು. ನೀ ಸೀಟಿ ಹೊಡದಿ. ಅಕ್ಕ ಪಡಸಾಲಿ ಬಾಗಿಲ್ದಾಗ ಬಂದು ಮ್ಯಾಲಿಂದ ಕೆಳಗಿನ ತನಕ ಗಾಡಿ ನೋಡಿ ಒಳಗ ಹೋದ್ಲು. ಚಾ ತರ್ತಾಳ ಅಂದ್ಕೊಂಡೆ. ಚಾ ಬರಲಿಲ್ಲ.

ಶನಿವಾರ ಅಕ್ಕ ಎಲ್ಲಿಗೆ ಹೊಕ್ಕಾಳ ಅಂತ ನಿನಗ ಗೊತ್ತು, ಆದ್ರ ಏನು ಮಾಡತಾಳ ಅಂತ ನೀ ಎಂದೂ ನೋಡಿಲ್ಲ. ಬೇಗಂ ಬಜಾರದಾಗ ನಿಮ್ಮ ಹಳೇ ಮೆಣಸಿನಕಾಯಿ ಅಂಗಡಿ ಮ್ಯಾಲಿನ ಮಾಳಿಗಿಗೆ, ಶಿವದೇವಿ ಹಂತ್ಯಾಕ. ನಿಮ್ಮಪ್ಪ ತೀರಿಕೊಂಡಾಗ ನಿನಗ ಮೂರು ವರ್ಷ. ಅಕ್ಕ ಗಲ್ಲಾದ ಮ್ಯಾಲೆ ಕುಂತ್ರ ಮಾಳಿಗ್ಯಾಗ ನಿನಗ ಉಣಿಸಿ ಮಲಗಿಸ್ತಿದ್ದಾಕಿ ಆ ಶಿವದೇವಿ. ಈಗ ಆಕಿಗೆ ಲಕ್ವಾ ಹೊಡದು ಮೂರು ವರ್ಷ. ಬಲಗೈ ಆಡಂಗಿಲ್ಲ, ಮಾತು ಅರ್ಧ. ಪ್ರತಿ ಶನಿವಾರ ಅಕ್ಕ ಹೋಗಿ ಆಕಿ ತಲಿಗೆ ಎಣ್ಣಿ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕಿ ಬರ್ತಾಳ. ಬ್ಯಾರೆ ಯಾರರ ಬಾಚಣಿಗಿ ಹಿಡದ್ರ ಶಿವದೇವಿ ತಲಿ ಕೊಡಂಗಿಲ್ಲ. ನಾ ಡ್ರೈವರ್.

ಚೀಲ ಬದಲಾಸಿದ ವಾರ ಅಕ್ಕ ಗಾಡಿ ತನಕ ಬಂದು, "ಇವತ್ತ ಯಾಕೋ ಮನಸಿಲ್ಲೋ ಸಿದ್ದು" ಅಂತ ಹೊಳ್ಳಿ ಹೋದ್ಲು. ಮುಂದಿನ ವಾರ ಕೊಬ್ಬರಿ ಎಣ್ಣಿ ತೀರೈತಿ ಅಂದ್ಲು. ಮೂರನೇ ವಾರ ಬಿಸಲು ಭಾಳ ಐತಿ ಅಂದ್ಲು, ಕಾರ್ತಿಕ ಮಾಸದಾಗ! ನೀ "ಅವ್ವಗ ವಯಸ್ಸಾತು ಮಾಮಾ" ಅಂದಿ. ನಾನೂ ಹೂಂ ಅಂದೆ. ಡಿಪೋದಾಗ ಮೂವತ್ತೆರಡು ವರ್ಷ ಆವಾಜ್ ಕೇಳಿ ಬಸ್ಸಿನ ರೋಗ ಹೇಳಿದಾಂವಗ ಮನಿ ಮನಷಿ ರೋಗ ತಿಳೀಲಿಲ್ಲ ನೋಡು.

ನಾಕನೇ ಶನಿವಾರ ನಾ ಒಬ್ಬನ ಶಿವದೇವಿನ್ನ ನೋಡಾಕ ಹೋದೆ. ಆಕಿ ತಲಿ ಗಂಟು ಗಂಟಾಗಿ ಜಡಿ ಕಟ್ಟಿತ್ತು. ಆಕಿ ಸೊಸಿ, "ಮಾಮಾ, ಇನ್ನೊಂದು ವಾರ ನೋಡಿ ಪೂರಾ ಕತ್ತರಸಿ ಬಿಡತೇನ್ರಿ, ನನ್ನ ಕೈಲೆ ಆಗಂಗಿಲ್ಲರಿ" ಅಂದ್ಲು. ಕೆಟ್ಟಾಕಿ ಅಲ್ಲ ಆ ಹುಡುಗಿ, ಸಾಕಾಗಿತ್ತು. ಶಿವದೇವಿ ನನ್ನ ಹಿಂದ ಬಾಗಲ ಕಡೆ ನೋಡಿದ್ಲು. ಯಾರೂ ಇರಲಿಲ್ಲ. ಅರ್ಧ ಬಾಯಿಲೆ "ಸುಗಲಾ?" ಅಂತ ಅಷ್ಟ ಕೇಳಿದ್ಲು. ಎಪ್ಪತ್ತಾರು ವರ್ಷದ ನಿಮ್ಮವ್ವ ಸುಗಲಮ್ಮನ್ನ ಸುಗಲಾ ಅನ್ನಾಕಿ ಈ ಊರಾಗ ಇನ್ನ ಆಕಿ ಒಬ್ಬಾಕಿ.

ಸಿಟ್ಟಿಲೆ ಮನಿಗೆ ಬಂದೆ. ಅಕ್ಕನ್ನ ಕೇಳಬೇಕು ಅಂತ ಗಾಡಿ ನಿಲ್ಲಿಸಿ ಒಳಗ ಹೋದೆ. ಹಿತ್ತಲಿಗೆ ಹೋಗಿ ಕೈಕಾಲು ತೊಳಕೊಂಡು ಹೊಳ್ಳಿ ಬರೂದ್ರಾಗ, ಅಕ್ಕ ಗಾಡಿ ಹಂತ್ಯಾಕ ಒಬ್ಬಾಕಿನ ನಿಂತಿದ್ಲು. ಹಿಂದಿನ ಬಾಗಲ ತಗದಿತ್ತು. ಒಂದು ಕೈಲೆ ಸೀರಿ ನಿರಗಿ ಎತ್ತಿ, ಒಂದು ಕೈಲೆ ಬಾಗಲ ಹಿಡದು, ಕಾಲು ಎತ್ತಿದ್ಲು. ಕಾಲು ಮುಟ್ಟಲಿಲ್ಲ. ವಾಚ್‌ಮನ್ ನೋಡಾಕತ್ತಾನೇನು ಅಂತ ಆ ಕಡೆ ಈ ಕಡೆ ನೋಡಿ ಮತ್ತ ಎತ್ತಿದ್ಲು. ಆರು ಬೆರಳು ಕಮ್ಮಿ ಬಿತ್ತು, ಶಾಂತ್ಯಾ. ಆರ ಬೆರಳು. ಮೂರನೇ ಸಲ ಆದಮ್ಯಾಲೆ ಸೆರಗಿಲೆ ಬಾಗಲ ಒರಸಾಕ ಹತ್ತಿದ್ಲು, ಧೂಳ ಒರಸಾಕ ಬಂದಾಕಿ ಹಂಗ. ನಾ ಗ್ವಾಡಿ ಹಿಂದ ನಿಂತಿದ್ದೆ. ಮುಂದ ಬರಲಿಲ್ಲ.

ಎರಡು ವರ್ಷ ಸೋರಿದ ಆ ಚೀಲಾನ ನಮ್ಮಕ್ಕಗ ಮೆಟ್ಟಲಾಗಿತ್ತು. ಅದನ್ನ ನಾ ರಿಪೇರಿ ಮಾಡಿಬಿಟ್ಟಿದ್ದೆ. ಅದರಾಗೂ ಎಷ್ಟು ಛಲೋ ಮಾಡಿದ್ದೆ ಅಂತಿ!

ಕೈ ಹಿಡದು ಹತ್ತಿಸಬೇಕಿತ್ತಲ್ಲ ಅಂತಿ. ಹೋಗಿ ಹಿಡದು ನೋಡು. ಮೆಣಸಿನಕಾಯಿ ಚೀಲ ತಾನ ಎತ್ತಿ ತಕ್ಕಡಿಗೆ ಹಾಕಿದಾಕಿ, ಓಣ್ಯಾಗ ನಾಕು ಮಂದಿ ಮುಂದ ಕೈ ಕೊಡತಾಳೇನು? ಆಟೋದಾಗ ಕುಂತ್ರ ಬೆನ್ನಿನ ಮಣಿ ಕುಟ್ಟತಾವ, ಡಾಕ್ಟರು ಬ್ಯಾಡ ಅಂದಾರ. ಮರುದಿನ ನಾ ಒಂದು ಕಟಗಿ ಮಣಿ ತಂದು ಬಾಗಲ ಕೆಳಗ ಇಟ್ಟೆ. ಅದನ್ನ ಕಾಲಿಲೆ ಆ ಕಡೆ ಸರಿಸಿ, "ನಾನೇನು ಮದುಮಗಳೇನೋ, ಮಣಿ ಮ್ಯಾಲೆ ಕಾಲಿಡಾಕ?" ಅಂದ್ಲು. ನಾ ನಕ್ಕೆ. ಆಕಿ ನಗಲಿಲ್ಲ.

ಆವತ್ತ ನೀ ಗಿರಾಕಿ ಗಾಡ್ಯಾಗ ಪ್ಲಾಟಿಗೆ ಹೋದಮ್ಯಾಲೆ ಎರಡು ಗಾಳಿ ಪೈಪಿಗೂ ಒಂದೊಂದು ವಾಲ್ ಕೂಡಿಸಿದೆ, ಟೈರಿಗೆ ಇರ್ತೈತಲ್ಲ ಅಂಥಾದು. ಹಿಂದಿನ ನಂಬರ್ ಪ್ಲೇಟಿನ ಹಿಂದ ಅದಾವ, ಕೈ ಹಾಕಿದ್ರ ಸಿಗತಾವ. ಆ ಶನಿವಾರ ಮುಂಜಾನೆ ಅಕ್ಕ ಬರೂಕಿಂತ ಮೊದಲ ಒತ್ತಿ ಗಾಳಿ ಬಿಟ್ಟೆ. ಗಾಡಿ ಉಸ್ ಅಂತ ಕುಂತಿತು. ಅಕ್ಕ ಬಂದ್ಲು, ನೋಡಿದ್ಲು, ಹತ್ತಿ ಕುಂತ್ಲು. "ಮತ್ತ ಕೆಟ್ಟಿತೇನೋ ನಿನ್ನ ರಿಪೇರಿ?" ಅಂದ್ಲು. "ಕೆಟ್ಟತಕ್ಕಾ" ಅಂದೆ. ಆವತ್ತ ಶಿವದೇವಿ ತಲಿ ಸಿಕ್ಕು ಬಿಡಸಾಕ ಮೂರು ತಾಸು ಹಿಡೀತು. ಕತ್ತರಿ ಒಳಗ ಹೋತು.

ಆವತ್ತಿಂದ ಇದ ನಡದೈತಿ. ನೀ ಬರೇ ಶನಿವಾರ ಗಾಡಿ ಕೂಡೂದು ನೋಡಿ ಇದಕ್ಕ ಶನಿ ಹಿಡದೈತಿ ಅಂದಿ. ಹಣಮಪ್ಪನ ಗುಡಿಗೆ ಐದು ವಾರ ಎಣ್ಣಿ ಹಾಕಿದಿ. ನಿಂಬಿಹಣ್ಣು ಮೆಣಸಿನಕಾಯಿ ತಂದು ಎಲ್ಲಿ ಕಟ್ಟಿದಿ? ಬರಾಬರ್ ನನ್ನ ವಾಲಿನ ಮ್ಯಾಲೆ! ಪ್ರತಿ ವಾರ ನಿನ್ನ ಮೆಣಸಿನಕಾಯಿ ಎತ್ತಿ ಹಿಡದು ನಾ ಗಾಳಿ ಬಿಡ್ತಿದ್ದೆ, ಆ ಕೈಲೆ ಕಣ್ಣು ತಿಕ್ಕೊಂಡು ಅಳತಿದ್ದೆ. ನಾಕು ಮಂದಿ ಮುಂದ "ನಮ್ಮ ಮಾಮಾನ ಕೈ ಈಗ ಮೊದಲಿನಂಗಿಲ್ಲ" ಅಂದಿ. ಅದೊಂದು ಮಾತು ಜರಾ ಚುಚ್ಚಿತು. ಈಗ ಹೇಳಾಕತ್ತೀನಿ, ನನ್ನ ಕೈ ಮೊದಲಿನಂಗನ ಐತಿ.

ಇನ್ನೊಂದು. ಅಕ್ಕ ಬಾಗಲ ತನಕ ಬಂದು, "ಅಯ್ಯ, ಬಾಚಣಿಗಿ ಒಳಗ ಉಳೀತು" ಅಂತ ಹೊಳ್ಳಿ ಹೋಗ್ತಾಳ. ಪ್ರತಿ ಶನಿವಾರ. ನಾಕು ನಿಮಿಷ ಬಿಟ್ಟು ಬರ್ತಾಳ. ಗಾಡಿ ಕೂಡಾಕೂ ನಾಕು ನಿಮಿಷ ಬೇಕು. ಬಾಚಣಿಗಿ ಮೊದಲ ಆಕಿ ಕೈಯಾಗ ಇರ್ತೈತಿ, ನಾ ನೋಡೀನಿ. ಜೀವನದಾಗ ನಾ ಮಾಡಿದ ಎಲ್ಲಾ ಚ್ಯಾಷ್ಟಿ ಆಕಿ ಹಿಡದು ಹಾಕ್ಯಾಳ, ಇದೊಂದನ್ನ ಹಿಡೀಲಿಲ್ಲ ಅಂತ ನಾ ನಂಬೀನಿ. ನೀನೂ ನಂಬು.

ಈಗ ಮುಖ್ಯ ಮಾತು. ನಾ ಎರಡು ತಿಂಗಳು ಬಗ್ಗಂಗಿಲ್ಲ. ಶನಿವಾರ ಮೂರ ದಿನ ಐತಿ. ಒಂಬತ್ತಕ್ಕ ಅಕ್ಕ ಹೊರಗ ಬರ್ತಾಳ. ಗಾಡಿ ಬಂದ್ ಇರಲಿ. ಆಕಿ ಬಾಚಣಿಗಿಗೆ ಅಂತ ಒಳಗ ಹೋದ ಕೂಡಲೆ ಮೊಳಿ ತುದಿಲೆ ಎರಡೂ ವಾಲ್ ಒಮ್ಮೆಲೆ ಒತ್ತು, ಒಂದ ಒತ್ತಿದ್ರ ಗಾಡಿ ವಾರಿ ಆಗ್ತೈತಿ. ಕೆಳಗ ಕೈಕಾಲು ಹಾಕಬ್ಯಾಡ. ಆಕಿ ಕುಂತು ಸೆರಗು ಸರಿ ಮಾಡಿಕೊಂಡಮ್ಯಾಲೆ ಚಾಲೂ ಮಾಡು, ತಾನ ಏಳ್ತೈತಿ. ಅಲ್ಲಿ ಅಂಗಡಿ ಕಟ್ಟಿಗೆ ತಾಗಿಸಿ ನಿಲ್ಲಿಸಿದ್ರ ಇಳಿಯಾಕ ಹತ್ತಾಕ ತ್ರಾಸಿಲ್ಲ. ಮನಿಗೆ ಬಂದಮ್ಯಾಲೆ, "ಟೈರ್ ನೋಡ್ತೀನಿ ತಡಿಬೇ" ಅಂತ ಹಿಂದ ಹೋಗಿ ಮತ್ತ ಒತ್ತು. "ಈ ಗಾಡಿ ನಸೀಬನ ಖೊಟ್ಟಿ" ಅಂತ ಬಾಯಿಲೆ ಬೈಕೋತ ಇರು. ಅದು ನಿನಗ ಬರ್ತೈತಿ. ದಿನೇಶಗ ಒಂದು ಪಾವ್ ಕಿಲೋ ಮಿರ್ಚಿ ಭಜಿ ಒಯ್ದು ಕೊಟ್ಟು, ಬೈದದ್ದು ತಪ್ಪಾತು ಅನ್ನು, ಕಾರಣ ಹೇಳಬ್ಯಾಡ.

ಗಿರಾಕಿಗೆ ಟೈಮ್ ಕೊಟ್ಟೀನಿ ಮಾಮಾ ಅನ್ನಬ್ಯಾಡ. ಶನಿವಾರ ಒಂದಿನ ಪ್ಲಾಟ್ ಎಲ್ಲಿಗೂ ಓಡಿ ಹೋಗಂಗಿಲ್ಲ. ಮಾಳಿಗಿ ಮ್ಯಾಲೆ ಶಿವದೇವಿ ಮುಂಜಾನೆ ಎದ್ದ ಕೂಡಲೆ ಎಡಗೈ ಒಂದರಿಂದನ ತನ್ನ ಹೆರಳು ಬಿಚ್ಚಾಕ ಸುರು ಮಾಡ್ತಾಳ. ಪೂರಾ ಬಿಚ್ಚೂದ್ರಾಗ ಹತ್ತು ಹೊಡೀತೈತಿ. ಬಿಚ್ಚಿದಮ್ಯಾಲೆ ತಿರುಗಿ ಕಟ್ಟಿಕೊಳ್ಳಾಕ ಆಕಿಗೆ ಬರಂಗಿಲ್ಲ. ಹೊತ್ತು ಮಾಡಬ್ಯಾಡಪ್ಪ.

ನಿನ್ನ ಗಾಡಿ ಆರು ದಿನ ಎದ್ದು ನಿಂದ್ರಲಿ, ಒಂದು ದಿನ ಬಗ್ಗಲಿ. ನಿನ್ನ ಮುಳ್ಳಿನ ಕಂಟ್ಯಾಗ ಖರೆನ ಸ್ಕೂಲ್ ಬರಲಿ.

ಓದಿದ ಕೂಡಲೆ ಹರದು ಹಾಕು,
ನಿನ್ನ ಕೈ ಕೆಟ್ಟ ಮೆಕ್ಯಾನಿಕ್,
ಸಿದ್ದರಾಮಪ್ಪ ಮಾಮಾ